ಸಬೀಹಾಳ ಕೈಮಾತು

ತೇಗದ ಮರ ಕೊಯ್ದ ಹೊಟ್ಟಿನ ವಾಸನೆ ಬಂದರೆ ಈಗಲೂ ನನಗೆ ಹುಣಸೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಗೆಳತಿ ಸಬೀಹಾಗೆ ಕಿವಿ ಕೇಳುತ್ತಿರಲಿಲ್ಲ. ಮೈಸೂರಿನ ಕಿವುಡರ ಶಾಲೆಯಿಂದ ರಜೆಗೆ ಬಂದಾಗಲೆಲ್ಲ ನನಗೆ ಕೈಮಾತು ಕಲಿಸುತ್ತಿದ್ದಳು. ಅಂದು ಅವಳ ಅಪ್ಪನ ಮರಗೆಲಸದ ಅಂಗಡಿಯಲ್ಲಿ ನಾವು ಕೈಯಲ್ಲೇ ಹರಟುತ್ತಿದ್ದೆವು. ಗಿರಾಕಿಗಳು ನೋಡಿ ನಕ್ಕರು. ಅವಳ ಅಪ್ಪ ಬಂದವರೇ ಅವಳ ಎರಡೂ ಮಣಿಕಟ್ಟು ಹಿಡಿದು ಹಲಗೆಗೆ ಅದುಮಿದರು.

"ಬಾಯಲ್ಲಿ ಮಾತಾಡು ಅಂದಿಲ್ವಾ?"

ಒದ್ದಾಡಿದ ಸಬೀಹಾ ಅವರ ಕೈಯನ್ನು ರಕ್ತ ಬರುವಂತೆ ಕಚ್ಚಿದಳು. ಬಿಡಿಸಿಕೊಂಡ ಕೈಗಳಲ್ಲಿ ರಭಸದಿಂದ ಏನೋ ಹೇಳಿದಳು.

"ಏನಂತಾಳಮ್ಮ ಇವ್ಳು?" ಎಂದು ಅವರು ನನ್ನನ್ನು ಕೇಳಿದರು.

"ನನ್ನ ಬಾಯಿ ಮುಚ್ಚಬ್ಯಾಡ ಅಂತಾವ್ಳೆ, ಚಾಚಾ."

"ನಾನೆಲ್ಲಿ ಬಾಯಿ ಮುಚ್ಚಿದೆ?"

ಅದನ್ನು ನಾನು ಕೈಯಲ್ಲಿ ಹೇಳಿದೆ. ಸಬೀಹಾ ಎರಡೂ ಕೈಗಳನ್ನು ಅಪ್ಪನ ಮುಂದೆ ಒಡ್ಡಿದಳು. ಮಣಿಕಟ್ಟುಗಳ ಮೇಲೆ ಅವರ ಬೆರಳುಗಳು ಕೆಂಪಗೆ ಮೂಡಿದ್ದವು.