ಗಂಡನ ಪಾಲು

ರಕ್ತದ ಕ್ಯಾನ್ಸರನ್ನು ಗಂಡ ಹೆಂಡತಿ ಹಂಚಿಕೊಳ್ಳಲೇಬೇಕೆಂಬ ಕಾನೂನಿನ ಪ್ರಕಾರ ಪೊಲೀಸರು ರುದ್ರಸ್ವಾಮಿಯನ್ನು ಎಳೆತಂದು ಹೆಂಡತಿ ಗಿರಿಜಾಂಬಳ ಪಕ್ಕದ ಮಂಚದಲ್ಲಿ ಮಲಗಿಸಿದರು. ಆಚೆ ಮಂಚದ ದಂಪತಿ ಹಂಚಿಕೊಂಡು ಮುಗಿಸಿ ಇಡ್ಲಿ ತಿನ್ನುತ್ತಿದ್ದರು.

ಗಿರಿಜಾಂಬಳ ಕಾಯಿಲೆ ಮೊದಲ ಹಂತದಲ್ಲಿದ್ದಾಗ ಡಾಕ್ಟರು, ಈಗಲೇ ಔಷಧ ಬೇಡ, ನೋಡುತ್ತಾ ಕಾಯೋಣ ಎಂದಿದ್ದರು. "ಕಾಯ್ಕೊಂಡು ಕೂರೋಕೆ ನನ್ನಿಂದಾಗಲ್ಲ" ಎಂದು ರುದ್ರಸ್ವಾಮಿ ಇನ್ನೊಬ್ಬಳ ಮನೆ ಸೇರಿದ್ದ. ಅವಸರದಲ್ಲಿ ವಿಚ್ಛೇದನ ಪಡೆಯುವುದನ್ನೇ ಮರೆತಿದ್ದ.

ನರ್ಸ್ ಇಬ್ಬರ ತೋಳಿಗೂ ನಳಿಕೆ ಜೋಡಿಸಿದಳು. "ಅಕ್ಕಾ, ನಿಮ್ದೀಗ ಮುಂದುವರಿದ ಹಂತ. ಎಲ್ಲಾ ಇವರಿಗೇ ದಾಟಿಸಿಬಿಡ್ಲಾ?"

ರುದ್ರಸ್ವಾಮಿ ಕಣ್ಣು ಮುಚ್ಚಿಕೊಂಡ.

"ಬೇಡಮ್ಮ," ಎಂದಳು ಗಿರಿಜಾಂಬ. "ಎಲ್ಲಾ ಕೊಟ್ರೆ ಇವತ್ತೇ ಇವರಿಗೆ ಮಾತ್ರೆ ಶುರು ಮಾಡ್ತೀರಿ. ಮಾತ್ರೆ ನಾನೇ ನುಂಗ್ತೀನಿ. ಇವರಿಗೆ ಮೊದಲನೇ ಹಂತ ಬರೋವಷ್ಟೇ ಹಾಕು. ಕಾಯ್ಕೊಂಡು ಕೂರ್ಲಿ."