ಅಣ್ಣನ ಗಂಟು, ತಮ್ಮನ ಹಿಮ್ಮಡಿ

"ಮೊದಲು ಇದು ಹೇಳಿ, ಈ ಕಾಲು ಯಾರದ್ದು?" ಎಂದಳು ಸ್ಕೇಟಿನ ಅಂಗಡಿಯಾಕೆ, ಮುರಿದ ಹಳೆಯ ಸ್ಕೇಟಿನ ಒಳಗೆ ಕೈ ಆಡಿಸುತ್ತ.

"ನಂದು," ಎಂದರು ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ.

ಅದು ಸುಳ್ಳೇನಲ್ಲ. ಅಣ್ಣ ಬೇಕರಿಯವರ ಐಸ್ ಹಾಕಿ ತಂಡದಲ್ಲಿ ಬೆಳಿಗ್ಗೆ ಆಡುತ್ತಿದ್ದ, ತಮ್ಮ ಗ್ಯಾರೇಜಿನವರ ತಂಡದಲ್ಲಿ ಸಂಜೆ. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಜೊತೆ ಸ್ಕೇಟು. ಅಣ್ಣನ ಬೆವರು ಆರುವ ಮೊದಲೇ ತಮ್ಮ ಅದರಲ್ಲಿ ಕಾಲು ತೂರಿಸಬೇಕಿತ್ತು. ನಿನ್ನೆ ಸಂಜೆ ಆಟದ ನಡುವೆ ಬ್ಲೇಡು ಕೂರಿಸಿದ ತಳ ಸೀಳಿಹೋಗಿ, ತಮ್ಮ ಮಂಜುಗಡ್ಡೆಯ ಮೇಲೆ ಹೊಟ್ಟೆಯಲ್ಲೇ ಜಾರಿಕೊಂಡು ಹೋಗಿ ತನ್ನದೇ ತಂಡದ ಗೋಲಿನೊಳಗೆ ಬಿದ್ದಿದ್ದ. ಎದುರಾಳಿಗಳು ಚಪ್ಪಾಳೆ ತಟ್ಟಿದ್ದರು. ಆ ಚಪ್ಪಾಳೆ ಇನ್ನೂ ಅವನ ಕಿವಿಯಲ್ಲಿತ್ತು.

"ಇದೇ ಮಾಡೆಲ್ಲು, ಇದೇ ಸೈಜು ಕೊಡಿ," ಎಂದ ಅಣ್ಣ.

"ಆ ಮಾಡೆಲ್ ಬರೋದು ನಿಂತುಹೋಗಿದೆ."

"ಯಾಕೆ ನಿಂತುಹೋಯ್ತು?" ತಮ್ಮ ಮೇಜು ಗುದ್ದಿದ. "ನನ್ನ ಕಾಲಿಗೇನು ವರ್ಷಕ್ಕೊಂದು ಹೊಸ ಮಾಡೆಲ್ ಬರುತ್ತಾ? ಮನೆಹಾಳರು!"

"ಮೇಜು ನಂದು, ಮೆಲ್ಲಗೆ. ಹಳೇದು ಹೇಗೆ ಕೂರ್ತಿತ್ತೋ ಹಾಗೇ ಕೂರೋದನ್ನ ಹುಡುಕೋಣ. ಹೇಗೆ ಕೂರ್ತಿತ್ತು?"

"ಸ್ವಂತ ಮನೇಲಿ ಕೂತ ಹಾಗೆ," ಎಂದ ಅಣ್ಣ, ಕಣ್ಣು ಅರ್ಧ ಮುಚ್ಚಿ.

"ಬಾಡಿಗೆ ಮನೇಲಿ ಕೂತ ಹಾಗೆ," ಎಂದ ತಮ್ಮ.

ಆಕೆಯ ಬೆರಳು ಹೆಬ್ಬೆರಳಿನ ಬದಿಯಲ್ಲಿ ಒಂದು ಗುಳಿ ಕಂಡುಹಿಡಿಯಿತು. ಅಣ್ಣ ಹೆಮ್ಮೆಯಿಂದ ಕಾಲುಚೀಲ ಜಾರಿಸಿ, ಹೆಬ್ಬೆರಳ ಬುಡದಲ್ಲಿ ನಿಂಬೆಹಣ್ಣಿನಂತೆ ಎದ್ದಿದ್ದ ಗಂಟು ತೋರಿಸಿದ. ಹಳೆಯ ಸ್ಕೇಟು ಆ ಗಂಟಿನ ಅಚ್ಚು. ಆಮೇಲೆ ಆಕೆ ಹಿಮ್ಮಡಿಯ ಕಡೆಯಿಂದ ಹತ್ತಿಯ ಕೊಳಕು ಉಂಡೆಯೊಂದನ್ನು ಎಳೆದು ಮೇಜಿನ ಮೇಲಿಟ್ಟಳು. ತಮ್ಮ ಗೋಡೆ ನೋಡಿದ.

"ಇದೇನೋ?" ಎಂದ ಅಣ್ಣ.

"ನಿನ್ನ ಗಂಟಿಗೆ ಅಂತ ಅಗಲ ಮಾಡಿಸಿದ್ದೆಯಲ್ಲ, ನನ್ನ ಹಿಮ್ಮಡಿ ಒಳಗೇ ಜಾರ್ತಿತ್ತು. ದಿನಾ ಸುಲಿದುಹೋಗೋದು."

"ಒಂದು ಮಾತು ಹೇಳ್ಬಾರ್ದಾಗಿತ್ತಾ?"

"ಒಂದು ಮಾತು ಕೇಳ್ಬಾರ್ದಾಗಿತ್ತಾ?"

ಆಕೆ ಜಗಳದ ನಡುವೆಯೇ ಹೊಸ ಜೊತೆಯೊಂದನ್ನು ಆರಿಸಿ ತಂದಳು. ಉದ್ದ ಇಬ್ಬರಿಗೂ ಸರಿಹೋಯಿತು. ಬೆಲೆಯ ಚೀಟಿ ನೋಡಿ ಇಬ್ಬರಿಗೂ ಕೆಮ್ಮು ಬಂತು, ಎರಡು ಜೊತೆಯ ಮಾತನ್ನು ಯಾರೂ ಎತ್ತಲಿಲ್ಲ. ಆಕೆ ಸ್ಕೇಟುಗಳನ್ನು ಮೂಲೆಯ ಪುಟ್ಟ ಓವನ್ನಿಗೆ ತಳ್ಳಿ ಬಾಗಿಲು ಮುಚ್ಚಿದಳು.

"ಬಿಸಿಯಾದ್ರೆ ಬೂಟು ಮೆತ್ತಗಾಗುತ್ತೆ. ಆಗ ಯಾರು ಕಾಲು ಹಾಕಿ ಕೂರ್ತಾರೋ ಅವರ ಆಕಾರ ಹಿಡಿಯುತ್ತೆ. ಪದೇ ಪದೇ ಬಿಸಿ ಮಾಡಿದ್ರೆ ಬೂಟು ಕೆಲಸಕ್ಕೆ ಬರಲ್ಲ. ಯಾರು ಕೂರ್ತೀರಾ?"

"ನಾನು ದೊಡ್ಡೋನು," ಎಂದ ಅಣ್ಣ, ಅಲ್ಲಿಗೆ ಮಾತು ಮುಗಿಯಿತು ಎಂಬಂತೆ.

ತಮ್ಮನ ಕುತ್ತಿಗೆಯ ನರ ಉಬ್ಬಿತು. "ಗೊತ್ತು ಮಾರಾಯ, ಹುಟ್ಟಿದಾಗಿನಿಂದ ಅದನ್ನೇ ಕೇಳ್ತಿದ್ದೀನಿ! ನೀನು ಬಿಟ್ಟ ಅಂಗಿ ಹಾಕ್ದೆ. ನೀನು ಬಿಟ್ಟ ಸೈಕಲ್ ತುಳಿದೆ. ನಿನ್ನ ಹಳೇ ಪುಸ್ತಕದಲ್ಲಿ ನೀನು ಬರೆದಿಟ್ಟ ಉತ್ತರಾನೇ ಬಾಯಿಪಾಠ ಮಾಡಿ ಫೇಲಾಗಿ ಶಾಲೆ ಬಿಟ್ಟೆ!"

"ಫೇಲಾಗಿದ್ದೂ ನನ್ನಿಂದಾನಾ?"

"ಉತ್ತರ ಎಲ್ಲಾ ನಿಂದೇ ಅಲ್ವಾ! ಈ ಪ್ರಪಂಚದಲ್ಲಿ ಒಂದೇ ಒಂದು ವಸ್ತು ನನ್ನ ಆಕಾರಕ್ಕೆ ಬರ್ಲಿ. ಒಂದೇ ಒಂದು!"

ಅಣ್ಣ ಬಾಯಿ ತೆರೆದ. ಅಷ್ಟರಲ್ಲಿ ಓವನ್ನಿನ ಗಂಟೆ ಹೊಡೆಯಿತು. ಆಕೆ ಬಿಸಿಬಿಸಿ ಸ್ಕೇಟುಗಳನ್ನು ಮೇಜಿನ ಮೇಲಿಟ್ಟು, "ಬೇಗ ಹೇಳಿ, ಆರ್ತಾ ಇದೆ," ಎಂದಳು. ಇಬ್ಬರೂ ಒಬ್ಬರನ್ನೊಬ್ಬರು ಗುರಾಯಿಸುತ್ತ ನಿಂತರು. ಆದರೆ ಅಣ್ಣ ಬೇಕರಿಯವನು. ಓವನ್ನಿನಿಂದ ಇಳಿದದ್ದು ಕಣ್ಣೆದುರೇ ತಣ್ಣಗಾಗುವುದನ್ನು ನೋಡುವ ಶಕ್ತಿ ಅವನಿಗೆ ದೇವರು ಕೊಟ್ಟಿರಲಿಲ್ಲ. ಅವನ ಕೈ ತಾನಾಗಿಯೇ ಮುಂದೆ ಹೋಯಿತು. ಬಲಗಾಲಿನದನ್ನು ತಾನು ಎತ್ತಿಕೊಂಡು, ಎಡಗಾಲಿನದನ್ನು ತಮ್ಮನ ಎದೆಗೆ ಒತ್ತಿದ.

"ಇದು ನಿಂದು. ಹಾಕ್ಕೊಳ್ಳೋ ಕತ್ತೆ, ಆರ್ತಿದೆ!"

"ಏನ್ರೀ ಇದು?" ಅಂಗಡಿಯಾಕೆ ಹಣೆ ಚಚ್ಚಿಕೊಂಡಳು. "ಆಮೇಲೆ ಇಬ್ಬರಿಗೂ ಒಂದೊಂದು ಕಾಲು ನೋಯುತ್ತೆ!"

"ಇಷ್ಟು ದಿನ ಅವನಿಗೆ ಎರಡೂ ನೋಯ್ತಿತ್ತಲ್ಲ," ಎಂದ ಅಣ್ಣ, ಬೆಂಚಿನ ಮೇಲೆ ಕೂತು ಲೇಸು ಬಿಗಿಯುತ್ತ.

ತಮ್ಮನ ಬಾಯಿಗೆ ಬೈಗುಳ ಬಂತು. ಆದರೆ ಪಕ್ಕದಲ್ಲಿ ಕೂತು ಎಡಗಾಲು ತೂರಿಸಿದ್ದೇ ತಡ, ಹಿಮ್ಮಡಿಯನ್ನು ಬಿಸಿಯಾದದ್ದೇನೋ ಸುತ್ತಲಿಂದ ಹಿಡಿದುಕೊಂಡಿತು. ಅಲ್ಲಾಡಿಸಿದರೂ ಅದು ಬಿಡಲಿಲ್ಲ. ಅವನೂ ಲೇಸು ಬಿಗಿದ.

"ಆರೋವರೆಗೂ ಇಬ್ಬರೂ ಏಳಂಗಿಲ್ಲ, ಅಲ್ಲಾಡಂಗಿಲ್ಲ," ಎಂದು ಗದರಿಸಿ ಆಕೆ ಬೇರೆ ಗಿರಾಕಿಯ ಕಡೆ ಹೋದಳು.

"ಹೇಗಿದೆಯೋ?" ಎಂದ ಅಣ್ಣ.

"ಸುಡ್ತಿದೆ."

"ನಂಗೂ."

ಬೆಂಚು ಚಿಕ್ಕದು, ಭುಜಕ್ಕೆ ಭುಜ ತಾಗಿತ್ತು. ತೂತುಬಿದ್ದ ಕಾಲುಚೀಲ ಯಾರಿಗೂ ಕಾಣದಿರಲೆಂದು ಇಬ್ಬರೂ ಸ್ಕೇಟಿಲ್ಲದ ಕಾಲನ್ನು ಬೆಂಚಿನ ಕೆಳಗೆ ಮಡಚಿಟ್ಟುಕೊಂಡಿದ್ದರು. ಎದುರಿಗೆ, ಗಿರಾಕಿಗಳು ಕಾಲು ನೋಡಿಕೊಳ್ಳಲೆಂದು ನೆಲದ ಮೇಲೆ ಒರಗಿಸಿಟ್ಟಿದ್ದ ಗಿಡ್ಡ ಕನ್ನಡಿಯಲ್ಲಿ ಮಂಡಿಯಿಂದ ಕೆಳಗಷ್ಟೇ, ಅದೂ ಎರಡೇ ಕಾಲು ಕಾಣುತ್ತಿದ್ದವು. ಒಂದು ಪ್ಯಾಂಟಿನ ಕಾಲಿಗೆ ಗ್ರೀಸು, ಇನ್ನೊಂದಕ್ಕೆ ಮೈದಾ ಹಿಟ್ಟು. ಹೊಸ ಜೊತೆ ಸ್ಕೇಟು ಹಾಕಿಕೊಂಡು ಅಲ್ಲಿ ಒಬ್ಬನೇ ಕೂತಿದ್ದ.