ಒಂದು ಬಿಲ್ಲೆ ಕಡಿಮೆ

ಸಂಜೆ ಐದಕ್ಕೆ ಸೈರನ್ ಕೂಗಿದಾಗ ಮಳೆಕಾಡಿನ ವಿಹಾರಧಾಮದ ಬಾಗಿಲ ಹಲಗೆಯಲ್ಲಿ ಒಂದು ಮೊಳೆ ಖಾಲಿ ಉಳಿದಿತ್ತು. ಒಳಗೆ ಹೋಗುವ ಪ್ರತಿಯೊಬ್ಬರಿಗೂ ಒಂದು ತಗಡಿನ ಬಿಲ್ಲೆ. ಹೊರಬಂದ ಮೇಲೆ ಅದು ಮತ್ತೆ ಮೊಳೆಗೆ. ಎಲ್ಲ ಬಿಲ್ಲೆ ಬರುವವರೆಗೆ ಬಾಗಿಲಿನವನು ಮನೆಗೆ ಹೋಗುವಂತಿಲ್ಲ.

"ನಲವತ್ತೊಂದನೇ ನಂಬರ್ ನಿಮ್ಮದೇ ಅಲ್ವೇನಮ್ಮಾ? ಮೂರು ಟಿಕೆಟ್ ಕೊಟ್ಟಿದ್ರಿ. ಬಂದಿರೋರು ಇಬ್ಬರೇ."

ಬಾಗಿಲಿನವನು ಕೇಳಿದ್ದು ಗಂಡನ ಪಕ್ಕ ನಿಂತಿದ್ದ ಅವಳನ್ನು. ಬಿಲ್ಲೆ ಅವಳ ಕೈಚೀಲದಲ್ಲೇ ಇತ್ತು. ಮಗಳ ರಜೆಗೆಂದು ಎಂದೋ ತೆಗೆದಿಟ್ಟಿದ್ದ ಮೂರೂ ಟಿಕೆಟ್‌ಗಳನ್ನು ಬೆಳಿಗ್ಗೆ ಗಂಡ ಮರೆತು ಹಾಗೇ ಚಾಚಿದ್ದ. ಬಾಗಿಲಿನವನು ತಲೆ ಎತ್ತದೆ ಮೂರು ಬಿಲ್ಲೆ ಎಣಿಸಿ ಇಟ್ಟಿದ್ದ. ಒಂದನ್ನು ವಾಪಸು ಕೊಡಬೇಕಿತ್ತು. ಕೊಡಲು ಅವಳಿಗೆ ಕೈ ಬರಲಿಲ್ಲ.

ಜ್ವರ ಬಂದು ಮಗಳು ತೀರಿಕೊಂಡು ಐವತ್ತು ದಿನವಾಗಿತ್ತು. ಅಂದಿನಿಂದ ಗಂಡ ಮಗಳ ಸುದ್ದಿ ಎತ್ತಿದವನಲ್ಲ. ಹಾಸಿಗೆ, ಪುಸ್ತಕ, ಗೋಡೆಯ ಚಿತ್ರ ಎಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದ. ಇವಳು ಬಾಯಿ ತೆರೆದರೆ ಎದ್ದು ಹೋಗುತ್ತಿದ್ದ. "ಮನೇಲಿ ಕೂತು ಏನ್ ಮಾಡೋದು, ಹೋಗಿ ಬರೋಣ" ಎಂದು ಇಲ್ಲಿಗೆ ಕರೆತಂದವನೂ ಅವನೇ. ಮರದ ತುದಿಗೆ ಕಟ್ಟಿದ ತೂಗುಸೇತುವೆಯ ಮೇಲೆ ಇವಳು, "ಅವಳಿದ್ದಿದ್ರೆ ಇಲ್ಲಿ ಕುಣಿದೂ ಕುಣಿದೂ ನಮ್ಮ ಜೀವ ತಿಂತಿದ್ಲು" ಎಂದರೆ, "ಹಲಗೆ ಜಾರುತ್ತೆ, ನೋಡ್ಕೊಂಡು ನಡಿ" ಎಂದಿದ್ದ. ಈ ಕಾಡಿನಲ್ಲಿ ಬಂಡೆಗಳೂ ಜಿನುಗುತ್ತವೆ, ಈ ಮನುಷ್ಯನ ಕಣ್ಣು ಮಾತ್ರ ಒಣಗಿದ್ದು ಒಣಗಿದ ಹಾಗೇ ಇದೆಯಲ್ಲ ಎಂದು ಅವಳ ಹೊಟ್ಟೆ ಉರಿದಿತ್ತು.

"ಅಮ್ಮಾ, ನಿಮ್ಮನ್ನೇ ಕೇಳ್ತಿರೋದು. ಒಳಗೆ ಯಾರಾದ್ರೂ ಉಳಿದಿದ್ದಾರಾ?"

"ಹೂಂ," ಎಂದುಬಿಟ್ಟಳು. "ನನ್ನ ಮಗಳು."

ಬಾಗಿಲಿನವನು ಸೀಟಿ ಊದಿದ. ಇಬ್ಬರು ಕಾವಲುಗಾರರು ಟಾರ್ಚ್ ಹಿಡಿದು ಓಡಿಬಂದರು.

"ವಯಸ್ಸೆಷ್ಟು? ಏನ್ ಬಟ್ಟೆ ಹಾಕಿದ್ಲು?"

"ಏಳು. ನೀಲಿ ಫ್ರಾಕು, ಎರಡು ಜಡೆ. ಮುಂದಿನ ಹಲ್ಲೊಂದು ಬಿದ್ದಿದೆ. ಕರೆದ್ರೆ ಒಂದೇ ಸಲಕ್ಕೆ ಓ ಅನ್ನಲ್ಲ, ಎರಡು ಮೂರು ಸಲ ಕರೀಬೇಕು..."

ಐವತ್ತು ದಿನ ನುಂಗಿಕೊಂಡಿದ್ದ ಮಾತು. ಸುಳ್ಳು ಹೇಳುತ್ತಿದ್ದೇನೆಂದು ಗೊತ್ತಿದ್ದೂ ನಿಲ್ಲಿಸುವುದು ಅವಳಿಂದಾಗಲಿಲ್ಲ. ಬಾಗಿಲಿನವನಿಗೆ ಏನೋ ಅನುಮಾನ ಬಂತು. ಗಂಡನ ಕಡೆ ತಿರುಗಿದ.

"ಏನ್ ಸಾರ್, ನೀವು ಸುಮ್ಮನೆ ನಿಂತಿದ್ದೀರಲ್ಲ? ಮಗು ಒಳಗಿರೋದು ನಿಜಾನಾ?"

ಮುಗಿಯಿತು ಎಂದುಕೊಂಡಳು. ನಾಲ್ಕು ಜನರೆದುರು ಹುಚ್ಚಿ ಅನ್ನಿಸಿಕೊಳ್ಳಲು ಸಿದ್ಧಳಾಗಿ ತಲೆ ತಗ್ಗಿಸಿದಳು.

ಗಂಡ ಕಾಡಿನ ದಾರಿಯನ್ನೇ ನೋಡುತ್ತಿದ್ದ.

"ತುಂಬಾ ದೂರ ಹೋಗಿರಲ್ಲ," ಎಂದ. "ಎಡಗಾಲಿನ ಚಪ್ಪಲಿ ಬಾರು ಕಿತ್ತೋಗಿದೆ. ಹೊಲಿಸಿಕೊಡಪ್ಪಾ ಅಂತ ದಿನಾ ಕೇಳ್ತಿದ್ಲು. ನಾನೇ ನಾಳೆ, ನಾಳೆ ಅಂದೆ."